ಅಂಗಾಲಿನ ಹಾಸಿಗೆ

ಬೂಟಿಗೆ ಮುಪ್ಪು ಬರುವುದು ಒಳಗಿನಿಂದ. ಹೊರಗಿನ ಚರ್ಮ ಪಾಲಿಶ್ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿರುತ್ತದೆ, ಅಡಿಯ ರಬ್ಬರಿನ ಹಲ್ಲುಗಳೂ ಗಟ್ಟಿಯಾಗಿಯೇ ಇರುತ್ತವೆ. ಒಳಗೆ ಕೈ ಹಾಕಿದರೆ ಮಾತ್ರ ಅಂಗಾಲಿನಡಿಯ ಮೆತ್ತೆ ಹಪ್ಪಳವಾಗಿರುವುದು ಗೊತ್ತಾಗುತ್ತದೆ. ನನ್ನ ವಯಸ್ಸಿನ ಗಂಡಸರ ಬಗ್ಗೆಯೂ ಮನೆಗಳಲ್ಲಿ ಇದೇ ಅಭಿಪ್ರಾಯವಿದೆ, ಇರಲಿ.

ಶಿವರಾತ್ರಿಗೆ ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಈ ಮೆತ್ತೆಯ ಬೆಲೆ ಗೊತ್ತು. ಹೆಚ್ಚು ಕಡಿಮೆ 300 ಕಿಲೋಮೀಟರ್ ದಾರಿ. ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಎದೆಯಲ್ಲಿದ್ದ ಮಂಜುನಾಥಸ್ವಾಮಿ ಹಿಮ್ಮಡಿಗೆ ಇಳಿದಿರುತ್ತಾನೆ. ಹೆಜ್ಜೆಗೊಮ್ಮೆ ಅವನ ಹೆಸರು ಬಾಯಿಗೆ ಬರುವುದು ಅಲ್ಲಿಂದಲೇ. ಡಾಂಬರು ಕಾದ ಮಧ್ಯಾಹ್ನ ಯಾವುದಾದರೂ ಶಾಲೆಯ ಜಗಲಿಯಲ್ಲಿ ಬೂಟು ಬಿಚ್ಚಿ ಕೂತಾಗ ನೋಡಬೇಕು, ಅಕೌಂಟೆಂಟು, ಆಟೋ ಡ್ರೈವರು, ನಿವೃತ್ತ ಹೆಡ್‌ಮಾಸ್ಟರು ಎಲ್ಲರೂ ತಂತಮ್ಮ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಮುಖ ನೋಡುವಷ್ಟು ಮಮತೆಯಿಂದ ನೋಡುತ್ತಿರುತ್ತಾರೆ.

ಈ ಸಲ ಬೂಟು ಹಾಗೇ ಇರಲಿ, ಇನ್‌ಸೋಲ್ ಒಂದನ್ನೇ ಬದಲಾಯಿಸೋಣ ಎಂದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಮೊದಲು ತೆಗೆದದ್ದು ನೀಲಿ ಬಣ್ಣದ ಜೆಲ್. "ಹಾಕ್ಕೊಂಡು ನೋಡಿ ಅಂಕಲ್, ಮೋಡದ ಮೇಲೆ ನಡೆದಂಗೆ ಇರುತ್ತೆ" ಅಂದ. ನಾನು ನಡೆಯಬೇಕಾದದ್ದು ಚಾರ್ಮಾಡಿ ಘಾಟಿಯಲ್ಲಿ. ಮಳೆಗಾಲವಾದರೆ ಅಲ್ಲಿ ಮೋಡ ತಾನಾಗಿಯೇ ರಸ್ತೆಗಿಳಿಯುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಜೆಲ್ ಅಂಗಡಿಯ ನಾಲ್ಕು ಹೆಜ್ಜೆಗೆ ಹಿತ; ಆದರೆ ಅದು ಫೋಮಿಗಿಂತ ಭಾರ, ಮೆತ್ತಗೆ ಒಲೆದಾಡುವುದರಿಂದ ದೂರದ ದಾರಿಯಲ್ಲಿ ಪಾದಕ್ಕೆ ನೆಲೆಯೇ ಸಿಗುವುದಿಲ್ಲ. ತೆಳುವಾದ ಫೋಮು ಹಗುರ, ಬೇಗ ಚಪ್ಪಟೆಯಾಗುತ್ತದೆ. ಕಾರ್ಕಿನದು ಮೊದಮೊದಲು ಬಿಗುಮಾನ ತೋರಿಸಿ, ನಡೆದಂತೆ ಕಾಲಿನ ಆಕಾರಕ್ಕೆ ಬಗ್ಗುತ್ತದೆ. ಇನ್ನೊಂದರ ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಕಮಾನು, ಹಿಮ್ಮಡಿ ಕೂರುವುದಕ್ಕೆ ಗುಳಿ. ಬೆಲೆ ಕೇಳಿದೆ. ಅಷ್ಟಕ್ಕೆ ಒಂದು ಜೊತೆ ಚಪ್ಪಲಿಯೇ ಬರುತ್ತಿತ್ತು.

"ನಿಮ್ಮ ಆರ್ಚ್ ಯಾವ ಥರ ಅಂಕಲ್?" ಎಂದು ಹುಡುಗ ಕೇಳಿದ. ಗೋತ್ರ ಕೇಳಿದ್ದರೆ ಹೇಳುತ್ತಿದ್ದೆ. ಮೈಯ 206 ಎಲುಬುಗಳಲ್ಲಿ 52 ಎರಡು ಪಾದಗಳಲ್ಲೇ ಇವೆ. ಇಷ್ಟು ವರ್ಷ ಅವುಗಳ ಮೇಲೆ ನಿಂತವನು ಒಂದನ್ನೂ ವಿಚಾರಿಸಿಕೊಂಡಿರಲಿಲ್ಲ.

ಮನೆಗೆ ಬಂದು ಕಾಲು ಒದ್ದೆ ಮಾಡಿಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆ ನಿಂತೆ. ನಡುವೆ ಒಳಬದಿಯಲ್ಲಿ ಚೆನ್ನಾಗಿ ಖಾಲಿ ಬಿಟ್ಟರೆ ಕಮಾನು ಎತ್ತರ, ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದ. ನನ್ನದು ಇಡಿಯಾಗಿ ಮೂಡಿತು. ಅದು ಅಪ್ಪನ ಹೆಜ್ಜೆ. ಅವರು ಸ್ನಾನ ಮುಗಿಸಿ ಬಚ್ಚಲಿಂದ ದೇವರ ಮನೆಗೆ ಹೋಗುವಾಗ ಇಂಥವೇ ಸಾಲಾಗಿ ಬೀಳುತ್ತಿದ್ದವು. ಒದ್ದೆ ತುಳಿಯಬೇಡಿ ಎಂದು ಅಮ್ಮ ಗದರುತ್ತಿದ್ದಳು. ಪಾಲಾದಾಗ ಗದ್ದೆ ಅಣ್ಣನಿಗೆ ಹೋಯಿತು, ಪಾದ ನನಗೆ ಬಂತು. ಅದೇ ಪಾದದಲ್ಲಿ ಅಪ್ಪ ಧರ್ಮಸ್ಥಳ ಮುಟ್ಟಿದ್ದು ಟೈರಿನ ಚಪ್ಪಲಿಯಲ್ಲಿ. ಲಾರಿ ಓಡಿ ಓಡಿ ಕೈಬಿಟ್ಟ ಟೈರು ಘಾಟಿಯಲ್ಲಿ ಎಲ್ಲಿ ಸವೆದೀತೋ ಎಂದು ಅಲ್ಲಿ ಅದನ್ನೂ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರಂತೆ.

ಕೊನೆಗೆ ದಾರಿ ತೋರಿಸಿದವರು ಮಾರ್ಕೆಟ್ಟಿನ ಮೂಲೆಯಲ್ಲಿ ಕೊಡೆ ಕಟ್ಟಿಕೊಂಡು ಚಪ್ಪಲಿ ಹೊಲಿಯುವ ಹಿರಿಯರು. ಬೂಟಿನೊಳಗೆ ಹೆಬ್ಬೆರಳು ಒತ್ತಿ ನೋಡಿ, "ಸಾರ್, ಮೊದ್ಲು ಹಳೇದನ್ನ ಕಿತ್ತು ಹೊರಗಾಕಿ. ಅದರ ಮೇಲೇ ಇನ್ನೊಂದು ಹಾಕಿದ್ರೆ ನಿಮ್ಮ ಕಾಲು ಎಲ್ಲಿಗೆ ಹೋಗ್ಬೇಕು?" ಅಂದರು. ಮಾತು ಅಷ್ಟೇ, ಆದರೆ ಎಲ್ಲವೂ ಅದರಲ್ಲಿದೆ. ದಪ್ಪ ಮೆತ್ತೆ ಹಾಕಿದರೆ ಹಿಮ್ಮಡಿ ಮೇಲೆದ್ದು ಜಾರುತ್ತದೆ, ಉಜ್ಜಿ ಬೊಬ್ಬೆ ಏಳುತ್ತದೆ. ಕೊಟ್ಟಿಗೆಹಾರ ದಾಟಿ ಇಳಿಜಾರು ಶುರುವಾದ ಮೇಲಂತೂ ಬೆರಳುಗಳು ಮುಂದಕ್ಕೆ ನೂಕಿಸಿಕೊಂಡು ಉಗುರು ಕಪ್ಪಾಗುತ್ತದೆ. ಅವರು ಹಳೆಯದನ್ನು ಹೊಸದರ ಮೇಲಿಟ್ಟು ಗೆರೆ ಎಳೆದು, ಬೆರಳಿನ ಕಡೆ ಮಾತ್ರ ಕತ್ತರಿಸಿದರು; ಹಿಮ್ಮಡಿಯ ಕಡೆ ಕತ್ತರಿ ತಾಗಿಸಲಿಲ್ಲ. ಹಳೆಯದರಲ್ಲಿ ನನ್ನ ಐದು ಬೆರಳೂ ಗುಳಿ ಬಿದ್ದಿದ್ದವು. ಬಿಸಾಡಲು ಮನಸ್ಸಾಗದೆ ಚೀಲಕ್ಕೆ ಹಾಕಿಕೊಂಡು ಬಂದೆ. ಹೆಂಡತಿ ಅದನ್ನು ಮೂಗು ಮುಚ್ಚಿಕೊಂಡೇ ಹೊರಗೆಸೆದಳು.

ನಾನು ಆರಿಸಿದ್ದು ಗಟ್ಟಿ ಕಮಾನಿನದು. ಕೊಳ್ಳುವವರು ಸಂಜೆ ಹೋಗಿ, ಅಷ್ಟು ಹೊತ್ತಿಗೆ ಪಾದ ಊದಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ. ನಡೆಯುವಾಗ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಹಳೆಯ ಅಳತೆ ಹೇಳಿ ಕೊಳ್ಳಬೇಡಿ. ವಯಸ್ಸಾದಂತೆ ಕಟ್ಟುಗಳು ಸಡಿಲಗೊಂಡು ಪಾದವೂ ಉದ್ದವಾಗುತ್ತದೆ. ಮತ್ತೆ, ಶಿವರಾತ್ರಿಯ ಹಿಂದಿನ ವಾರ ಓಡಬೇಡಿ. ಒಂದು ತಿಂಗಳು ಮೊದಲೇ ತಂದು, ಹಾಲಿಗೂ ತರಕಾರಿಗೂ ಅದರಲ್ಲೇ ನಡೆದು ಪಳಗಿಸಿಕೊಳ್ಳಿ.