ಸಮೀಕರಣವೂ ಸಂತೆಯೂ

ಭೌತವಿಜ್ಞಾನವನ್ನು ವ್ರತದಂತೆ ಹಿಡಿದವನು ಹಣದ ಪೇಟೆಗೆ ಇಳಿದರೆ ಅದನ್ನು ಪತನವೆನ್ನಬೇಕೆ, ಬೇರೊಂದು ಕಾಯಕವೆನ್ನಬೇಕೆ? ಎಮಾನ್ಯುಯೆಲ್ ಡರ್ಮನ್ನರ ಬದುಕನ್ನು ಓದುವಾಗ ಈ ಪ್ರಶ್ನೆ ಏಳದಿರದು. 1945ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಜನಿಸಿದ ಅವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದರು. ಹದಿಹರೆಯದಲ್ಲಿ ಐನ್‌ಸ್ಟೈನರಂತಾಗಬೇಕೆಂಬ ಹಂಬಲ. ಮೂವತ್ತು ದಾಟುವಷ್ಟರಲ್ಲಿ ಪಕ್ಕದ ಕೊಠಡಿಯ ಸಂಶೋಧಕನಿಗೆ ಫ್ರಾನ್ಸಿನಿಂದ ಉಪನ್ಯಾಸದ ಕರೆ ಬಂದಿತೆಂಬುದಕ್ಕೇ ಕರುಬು. ಈ ಕುಗ್ಗುವಿಕೆಯನ್ನು 2004ರ ತಮ್ಮ ಆತ್ಮಕಥೆಯಲ್ಲಿ ಅವರೇ ಮರೆಮಾಚದೆ ಬರೆದಿದ್ದಾರೆ. ಊರೂರು ಅಲೆಸುವ ತಾತ್ಕಾಲಿಕ ಹುದ್ದೆಗಳು, ಬಳಿಕ ಬೆಲ್ ಪ್ರಯೋಗಾಲಯದ ಐದು ವರ್ಷ. ಕಡೆಗೆ 1985ರಲ್ಲಿ ವಾಲ್‌ಸ್ಟ್ರೀಟಿನ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆ.

ಅಲ್ಲಿನ ಕೆಲಸವೇನು? ಆರು ತಿಂಗಳ ಬಳಿಕ ಷೇರೊಂದನ್ನು ಇಂದೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕನ್ನು ಒಬ್ಬನು ಕೇಳುತ್ತಾನೆ, ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆ ಹಕ್ಕಿಗೆ ನ್ಯಾಯವಾದ ಬೆಲೆಯೆಷ್ಟು? ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದ ಸೂತ್ರ ಇದಕ್ಕೆ ಉತ್ತರ ಕೊಟ್ಟಿತು. ಷೇರಿನ ಬೆಲೆ ಎಷ್ಟು ಹೊಯ್ದಾಡುವುದೆಂಬ ಒಂದು ಅಂಕಿಯನ್ನು ಊಹಿಸಿಕೊಂಡರೆ ಮಿಕ್ಕುದೆಲ್ಲ ಗಣಿತ. ಬ್ಲ್ಯಾಕ್ ಮತ್ತು ಬಿಲ್ ಟಾಯ್ ಅವರೊಡಗೂಡಿ ಡರ್ಮನ್ನರು ಬಡ್ಡಿದರಗಳಿಗೂ ಮಾದರಿಯೊಂದನ್ನು ಕಟ್ಟಿದರು; ಅದು 1990ರಲ್ಲಿ ಪ್ರಕಟವಾಯಿತು. ಆದರೆ ಈ ವೃತ್ತಿಯಲ್ಲಿ ಸಮೀಕರಣಕ್ಕಿಂತ ಹೆಚ್ಚು ಹೊತ್ತನ್ನು ನುಂಗುವುದು, ವ್ಯಾಪಾರಿಗಳು ತಡವರಿಸದೆ ಬಳಸಬಲ್ಲ ಗಣಕಯಂತ್ರದ ಕ್ರಮವಿಧಿಗಳ ರಚನೆ. ವಿದ್ವಾಂಸನ ಅಹಂಕಾರಕ್ಕೆ ಇದು ಒಳ್ಳೆಯ ಔಷಧವೇ ಸರಿ.

1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇಕಡ 22.6ರಷ್ಟು ಕುಸಿಯಿತು. ಅಂದು ಬೆಂದವರು ಸೂತ್ರವನ್ನು ಮುಂಚಿನಂತೆ ನಂಬಲಿಲ್ಲ. ಭಾರಿ ಕುಸಿತದಿಂದ ಕಾಪಾಡುವ ಒಪ್ಪಂದಗಳಿಗೆ ಅದು ಹೇಳುವುದಕ್ಕಿಂತ ಮಿಗಿಲಾದ ಬೆಲೆ ತೆರತೊಡಗಿದರು. ಒಂದು ಷೇರಿಗೆ ಹೊಯ್ದಾಟದ ಅಂಕಿ ಒಂದೇ ಎಂದಿತು ಸೂತ್ರ. ಪೇಟೆಯಾದರೋ ಒಪ್ಪಂದಕ್ಕೊಂದು ಅಂಕಿ ಹೇಳಿತು. ಆ ಅಂಕಿಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಗೆರೆ ಬಾಗುತ್ತಿತ್ತು. ಅದಕ್ಕೆ 'ಮುಗುಳ್ನಗೆ'ಯೆಂದೇ ಹೆಸರಾಯಿತು. ಡರ್ಮನ್ ಮತ್ತು ಇರಾಜ್ ಕಾನಿ 1994ರಲ್ಲಿ ಆ ನಗೆಗೂ ಮಾದರಿ ರಚಿಸಿದರು. ಆದರೂ ಅದು ಪೂರ್ಣವಾಗಿ ಸೆರೆಸಿಕ್ಕಲಿಲ್ಲ. ಎಲೆಕ್ಟ್ರಾನು ತನ್ನನ್ನು ಕುರಿತು ಬರೆದುದನ್ನು ಓದಿ ನಡತೆ ಬದಲಿಸದು, ಮನುಷ್ಯ ಬದಲಿಸುತ್ತಾನೆ.

2002ರಲ್ಲಿ ಸಂಸ್ಥೆಯನ್ನು ಬಿಟ್ಟು ಅವರು ತಾವು ಕಲಿತ ಕೊಲಂಬಿಯದಲ್ಲೇ ಅಧ್ಯಾಪಕರಾದರು. 2008ರ ಹಣಕಾಸಿನ ಮಹಾಪತನದ ಬಳಿಕ, 2009ರ ಜನವರಿಯಲ್ಲಿ, ಪಾಲ್ ವಿಲ್ಮಟ್ಟರೊಡನೆ ಈ ವೃತ್ತಿಯವರಿಗಾಗಿ ವೈದ್ಯರ ಪ್ರತಿಜ್ಞೆಯ ರೀತಿಯದೊಂದನ್ನು ಬರೆದರು. ಮಾದರಿಯ ಊಹೆಗಳನ್ನೂ ಅದು ಕಡೆಗಣಿಸಿದುದನ್ನೂ ಬಳಸುವವರಿಗೆ ತೆರೆದು ತಿಳಿಸುವುದು ಅದರ ಒಂದು ನೇಮ. ಆ ಪ್ರತಿಜ್ಞೆಯನ್ನು ಮಾಡಿಸುವ ಅಧಿಕಾರ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.