ಕಲಾಯಿಯ ಊರಿನ ಕೆಂಪು ಅಂಗಿಗಳು

ವೇಲ್ಸ್ ನಾಡಿನ ದಕ್ಷಿಣದಲ್ಲಿ, ಸ್ವಾನ್‌ಸೀ ನಗರದಿಂದ ಪಶ್ಚಿಮಕ್ಕೆ ಸುಮಾರು 11 ಮೈಲಿ ಸಾಗಿದರೆ, ನದಿಯೊಂದು ಕಡಲನ್ನು ಸೇರುವ ಅಳಿವೆಯ ದಂಡೆಯಲ್ಲಿ ಲಾನೆಲ್ಲಿ ಎಂಬ ಪಟ್ಟಣವಿದೆ. ಸಂತ ಎಲ್ಲಿಯ ದೇಗುಲವಿರುವ ಊರೆಂದು ಆ ಹೆಸರಿನ ಅರ್ಥ. ನಾಲಗೆಯನ್ನು 'ಲ'ಕಾರಕ್ಕೆಂದು ಇರಿಸಿ, ಅದರ ಪಕ್ಕದಿಂದ ಉಸಿರನ್ನು ಊದಿದರೆ ಮಾತ್ರ ಈ ಹೆಸರಿನ ಮೊದಲ ಧ್ವನಿ ಸರಿಯಾಗಿ ಹೊರಡುತ್ತದೆ. ಅದು ಇಂಗ್ಲಿಷರ ಬಾಯಿಗೂ ಬಾರದು, ನಮ್ಮ ಲಿಪಿಗೂ ದಕ್ಕದು. 1966ರವರೆಗೆ ಸರಕಾರಿ ಬರವಣಿಗೆಯಲ್ಲಿ ಹೆಸರಿನ ಕೊನೆಯ ಅಕ್ಷರ ಇಂಗ್ಲಿಷ್ ರೀತಿಯ 'ವೈ' ಆಗಿತ್ತು. ಆ ವರ್ಷ ಅದು ವೇಲ್ಸ್ ಭಾಷೆಯ ರೀತಿಗೆ ತಿರುಗಿ 'ಐ' ಆಯಿತು. ಒಂದಕ್ಷರದ ಬೆಲೆಯೇನೆಂಬುದನ್ನು ಗಡಿನಾಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರನ್ನು ಬೆಳೆಸಿದುದು ತಗಡು. ತೆಳುವಾದ ಕಬ್ಬಿಣದ ಹಾಳೆಗೆ ತವರದ ಕಲಾಯಿ ಹಾಕಿ ಹೊರದೇಶಗಳಿಗೆ ಕಳುಹುವ ಕಾರ್ಖಾನೆಗಳು ಇಲ್ಲಿ ಎಷ್ಟು ಹೆಚ್ಚಿದವೆಂದರೆ, ಊರಿಗೆ 'ಟಿನೋಪೊಲಿಸ್', ಅಂದರೆ ತವರದ ಪಟ್ಟಣ, ಎಂಬ ಅಡ್ಡಹೆಸರೇ ಬಂದಿತು. ಕುಲುಮೆಯ ಮುಂದೆ ಬೆವರುವವರ, ಕಲ್ಲಿದ್ದಲ ಗಣಿಗೆ ಇಳಿಯುವವರ ಈ ಪಟ್ಟಣದಲ್ಲಿ 1870ರ ದಶಕದಲ್ಲಿ ಒಂದು ರಗ್ಬಿ ಸಂಘವು ಹುಟ್ಟಿಕೊಂಡಿತು. 1879ರಿಂದ ಸ್ಟ್ರೇಡಿ ಪಾರ್ಕ್ ಎಂಬ ಬಯಲು ಅದರ ಮನೆಯಾಯಿತು. ಆಟಗಾರರ ಉಡುಪು ಕಡುಗೆಂಪು. ಗೋಲುಕಂಬಗಳ ತುದಿಯಲ್ಲಿ ಕೆಂಪು ಬಣ್ಣ ಬಳಿದ ಅಡುಗೆಯ ಪಾತ್ರೆಗಳು! ಊರವರು ಒಕ್ಕೊರಲಿನಿಂದ ಹಾಡುವುದು 'ಸೋಸ್‌ಬಾನ್ ವಾಖ್' ಎಂಬ ಹಾಡನ್ನು. ಪುಟ್ಟ ಪಾತ್ರೆ ಎಂದು ಅದರ ಅರ್ಥ. ಅದರ ವಸ್ತು ಸಂಸಾರದ ಸಣ್ಣಪುಟ್ಟ ತಾಪತ್ರಯಗಳು. ವೀರಗೀತೆಯಲ್ಲದ ಈ ಮನೆವಾರ್ತೆಯ ಹಾಡೇ ಅವರ ರಣಗೀತೆ.

ರಗ್ಬಿಯು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹದಿನೈದು ಹದಿನೈದು ಜನರ ಆಟ. 1995ರವರೆಗೆ ಈ ಆಟದಲ್ಲಿ ಸಂಭಾವನೆ ಪಡೆಯುವುದು ನಿಷಿದ್ಧವಾಗಿತ್ತು. ಹಣ ಬೇಕೆಂದವನು ಉತ್ತರ ಇಂಗ್ಲೆಂಡಿನ 'ಲೀಗ್' ಆಟಕ್ಕೆ ಹೋಗಬೇಕು. ಹೋದವನಿಗೆ ಮರಳುವ ದಾರಿ ಮುಚ್ಚುತ್ತಿತ್ತು. 1952ರಲ್ಲಿ ಲೂಯಿಸ್ ಜೋನ್ಸ್ ಎಂಬ ಪ್ರತಿಭಾವಂತನು 6,000 ಪೌಂಡುಗಳಿಗೆ ಲಾನೆಲ್ಲಿಯನ್ನು ಬಿಟ್ಟು ಲೀಡ್ಸ್ ನಗರದ ತಂಡವನ್ನು ಸೇರಿದನು. ಉಳಿದವರು ವಾರವೆಲ್ಲ ದುಡಿದು, ಶನಿವಾರ ಊರಿಗಾಗಿ ಆಡಿದರು.

ಸಂಘದ ಶತಮಾನೋತ್ಸವದ ವರ್ಷವಾದ 1972ರ ಅಕ್ಟೋಬರ್ 31ರಂದು ನ್ಯೂಜಿಲೆಂಡಿನ 'ಆಲ್ ಬ್ಲ್ಯಾಕ್ಸ್' ತಂಡವು ಸ್ಟ್ರೇಡಿಗೆ ಬಂದಿತು. ಲಾನೆಲ್ಲಿಯ ನಾಯಕ ಡೆಲ್ಮೆ ಥಾಮಸ್ ವಿದ್ಯುತ್ ಮಂಡಳಿಯ ಕೆಲಸಗಾರ. ತನಗೆ ಸಂದ ಎಲ್ಲ ಗೌರವಗಳನ್ನೂ ಈ ಒಂದು ಗೆಲುವಿಗಾಗಿ ಬಿಟ್ಟುಕೊಡಬಲ್ಲೆನೆಂದು ಆಟಕ್ಕೆ ಮುನ್ನ ಆತ ನುಡಿದಾಗ ಸಂಗಡಿಗರ ಕಣ್ಣು ಹನಿಗೂಡಿದವು. ಫಿಲ್ ಬೆನೆಟ್ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ಎದುರಾಳಿ ಅದನ್ನು ದೂರಕ್ಕೆ ಒದೆಯುವಷ್ಟರಲ್ಲಿ ರಾಯ್ ಬರ್ಜಿಯರ್ಸ್ ಮೈಯೊಡ್ಡಿ ತಡೆದು, ಅದರ ಮೇಲೆ ಬಿದ್ದು ನಾಲ್ಕು ಅಂಕ ಗಳಿಸಿದನು. ಬೆನೆಟ್ ಎರಡು ಅಂಕ ಕೂಡಿಸಿದನು. ಕೊನೆಯಲ್ಲಿ ಆಂಡಿ ಹಿಲ್ ಬಹುದೂರದಿಂದ ಒದ್ದ ಚೆಂಡು ಇನ್ನೂ ಮೂರನ್ನು ತಂದಿತು. ಲಾನೆಲ್ಲಿ 9, ನ್ಯೂಜಿಲೆಂಡ್ 3.

ಈ ಗೆಲುವಿನ ಹಿಂದಿದ್ದ ತರಬೇತುದಾರ ಕಾರ್ವಿನ್ ಜೇಮ್ಸ್ ಗಣಿ ಕಾರ್ಮಿಕನ ಮಗ, ವೇಲ್ಸ್ ಭಾಷೆಯ ಅಧ್ಯಾಪಕ. 1970ರಲ್ಲಿ ವೇಲ್ಸ್ ರಾಷ್ಟ್ರೀಯ ಪಕ್ಷದ ಅಭ್ಯರ್ಥಿಯಾಗಿ ಲಾನೆಲ್ಲಿಯಿಂದಲೇ ಚುನಾವಣೆಗೆ ನಿಂತು ಸೋತವರು. ಅವರು ಈ ನೆಲದ ಬೆಳೆಯೇ ಸರಿ. ಸ್ಥಳೀಯ ಶಿಕ್ಷಣಾಡಳಿತವು ತೆರೆದ ಮೊತ್ತಮೊದಲ ವೇಲ್ಸ್ ಮಾಧ್ಯಮದ ಪ್ರಾಥಮಿಕ ಶಾಲೆ 1947ರಲ್ಲಿ ಆರಂಭವಾದುದು ಲಾನೆಲ್ಲಿಯಲ್ಲಿಯೇ. ನೆರೆಯ ಲಾಂಗೆನೆಕ್ ಗ್ರಾಮದ ಟ್ರೆವರ್ ಮತ್ತು ಐಲೀನ್ ಬೀಸ್ಲಿ ದಂಪತಿಗಳು 1952ರಲ್ಲಿ, ತೆರಿಗೆಯ ಚೀಟಿ ತಮ್ಮ ನುಡಿಯಲ್ಲಿ ಬಾರದೆ ಹಣ ಕಟ್ಟೆವೆಂದು ಹಟ ಹಿಡಿದರು. ಹತ್ತಾರು ಸಲ ನ್ಯಾಯಾಲಯಕ್ಕೆ ಅಲೆದು, ಮನೆಯ ಸಾಮಾನುಗಳು ಜಪ್ತಿಯಾದರೂ ಬಗ್ಗದೆ, 1960ರಲ್ಲಿ ಎರಡೂ ಭಾಷೆಗಳ ಚೀಟಿಯನ್ನು ಪಡೆದರು.

ಕಾಲ ಬದಲಾಯಿತು. 1995ರಲ್ಲಿ ಆಟಕ್ಕೆ ಸಂಬಳ ಬಂದಿತು. 2003ರಲ್ಲಿ ವೃತ್ತಿಪರರಿಗಾಗಿ 'ಸ್ಕಾರ್ಲೆಟ್ಸ್' ಎಂಬ ಪ್ರಾಂತೀಯ ತಂಡ ರೂಪುಗೊಂಡು, ಹಳೆಯ ಸಂಘವು ಅದರ ಕೆಳಗಿನ ಹಂತಕ್ಕೆ ಸರಿಯಿತು. 1972ರ ವೀರರಲ್ಲೊಬ್ಬನಾದ ರೇ ಗ್ರಾವೆಲ್, ಆ ಗೆಲುವಿಗೆ ಸರಿಯಾಗಿ 35 ವರ್ಷ ತುಂಬಿದ ದಿನವೇ, 2007ರಲ್ಲಿ ತೀರಿಕೊಂಡನು. ವೇಲ್ಸ್ ಮಾತೃಭಾಷೆಯ ಆತನ ಅಂತ್ಯವಿಧಿ ಸ್ಟ್ರೇಡಿಯ ಬಯಲಿನಲ್ಲಿಯೇ ನಡೆಯಿತು. ಸಹಸ್ರಾರು ಜನ ನೆರೆದರು. ಮರುವರ್ಷ ಆ ಬಯಲೂ ಮುಚ್ಚಿತು. ಊರಿನ ಇನ್ನೊಂದು ಅಂಚಿನಲ್ಲಿ ಹೊಸ ಕ್ರೀಡಾಂಗಣ ಎದ್ದಿತು. ಕೆಂಪು ಪಾತ್ರೆಗಳೂ ಅಲ್ಲಿಗೆ ಸಾಗಿದವು.

ಪಾತ್ರೆಗಳನ್ನು ಸಾಗಿಸುವುದು ಸುಲಭ. ಮಾತನ್ನು ಸಾಗಿಸುವುದು ಕಷ್ಟ. ಲಾನೆಲ್ಲಿಯನ್ನೊಳಗೊಂಡ ಕಾರ್ಮಾರ್ಥನ್‌ಶೈರ್ ಜಿಲ್ಲೆಯಲ್ಲಿ ವೇಲ್ಸ್ ನುಡಿಯಬಲ್ಲವರು 2011ರ ಗಣತಿಯಲ್ಲಿ ನೂರಕ್ಕೆ 43.9ರಷ್ಟಿದ್ದರು. 2021ರಲ್ಲಿ ಅದು 39.9ಕ್ಕೆ ಇಳಿಯಿತು. ಶಾಲೆಯೂ ಚೀಟಿಯೂ ಹೋರಾಡಿ ಪಡೆಯಬಹುದಾದವು, ಪಡೆಯಬೇಕಾದವು. ಆದರೆ ಶನಿವಾರದ ಮಧ್ಯಾಹ್ನ ಕೆಲಸ ಮುಗಿಸಿ ಬಂದವರು ಯಾರ ಅಪ್ಪಣೆಯೂ ಇಲ್ಲದೆ ತಮ್ಮ ನುಡಿಯಲ್ಲಿ ಕೂಗುವ, ಬೈಯುವ, ಹಾಡುವ ಒಂದು ಬಯಲನ್ನು ಯಾವ ಸರಕಾರವೂ ಕೊಡಲಾರದು. ಅದನ್ನು ಊರೇ ಕಟ್ಟಿಕೊಳ್ಳಬೇಕು. ಲಾನೆಲ್ಲಿಯ ತಗಡಿನವರು, ಗಣಿಯವರು ಕೂಲಿಯಿಲ್ಲದೆ ಕಟ್ಟಿದುದು ಅಂತಹ ಬಯಲನ್ನು.