ಗುಂಡ್ಯಾನ ತಪ್ಪಲ್ಲ

ಮೊದಲೇ ಹೇಳಿಬಿಡ್ತೀನಿ, ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ವಿಷಯವೂ ಅಂಥ ದೊಡ್ಡದಲ್ಲ. ನಮ್ಮ ಮನೆ ಬೆಕ್ಕಿನ ಉಚ್ಚೆ.

ನಮ್ಮೂರು ಹಿಟ್ನಾಳ. ಕೊಪ್ಪಳ–ಹೊಸಪೇಟೆ ಹೈವೇದಲ್ಲಿ ಟೋಲ್ ಬರುತ್ತಲ್ಲ, ಅದೇ. ನನ್ನ ರೂಮ್‌ಮೇಟ್ ಬೆಂಗಳೂರಿನವನು. ಅವರ ಮನೆ ಬೆಕ್ಕಿಗೆ ಲಿಟರ್ ಬಾಕ್ಸ್ ಇದೆ, ಅದಕ್ಕೆ ಹಾಕೋ ಮಣ್ಣನ್ನ ಆನ್‌ಲೈನಲ್ಲಿ ತರಿಸ್ತಾರೆ. ಇದನ್ನ ನಮ್ಮ ಅಜ್ಜಿಗೆ ಹೇಳಿದ್ದೆ. "ಬೆಕ್ಕು ಹೇಲೋ ಮಣ್ಣಿಗೂ ರೊಕ್ಕ ಕೊಡ್ತಾರೇನಲೇ?" ಅಂತ ನಕ್ಕಿದ್ದೇ ನಕ್ಕಿದ್ದು. ನಮ್ಮ ಗುಂಡ್ಯಾನ ಲಿಟರ್ ಬಾಕ್ಸ್ ಅಂದ್ರೆ ಹಿತ್ತಲಲ್ಲಿದ್ದ ಉಸುಕಿನ ಗುಡ್ಡೆ. ಬಚ್ಚಲು ಕಟ್ಟಿಸೋಕೆ ಅಪ್ಪ ಒಂದು ಟ್ರ್ಯಾಕ್ಟರ್ ಉಸುಕು ಹಾಕಿಸಿದ್ದ. ಗುಂಡ್ಯಾ ಅಲ್ಲೇ ಕೆರೆದು, ಕೂತು, ಮುಚ್ಚಿ ಬರ್ತಿತ್ತು. ಮೂರು ವರ್ಷದಲ್ಲಿ ಒಂದು ದಿನವೂ ಮನೆಯೊಳಗೆ ಹೊಲಸು ಮಾಡಿದ್ದಿಲ್ಲ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಬಚ್ಚಲು ಮುಗಿದಿತ್ತು, ಉಸುಕೂ ಮುಗಿದಿತ್ತು. ಮನೆಗೆ ಸುಣ್ಣ ಹೊಡೆಯೋಕೆ ಸಾಮಾನೆಲ್ಲ ಹೊರಗೆ ಹಾಕಿದ್ರು. ಓಣಿ ತುಂಬ ಪಟಾಕಿ ಸದ್ದು. ಮೊದಲ ದಿನ ಗುಂಡ್ಯಾ ಅಡಿಗೆಮನೆ ಕಲ್ಲಿನ ಮೇಲೆ ಉಚ್ಚೆ ಹೊಯ್ತು. ಎರಡನೇ ದಿನ ಅಜ್ಜಿಯ ಕೌದಿ ಮೇಲೆ. ಅವತ್ತೇ ಸಂಜೆ ನನ್ನ ಲ್ಯಾಬ್ ರೆಕಾರ್ಡ್ ಮೇಲೆ.

ರಜೆ ಮುಗಿದ ಮರುದಿನ ಸಬ್ಮಿಷನ್ ಇತ್ತು. ಇಪ್ಪತ್ತು ಪುಟ ಕೈಯಲ್ಲಿ ಬರೆದಿದ್ದೆ. ಸಿಟ್ಟು ತಲೆಗೇರ್ತು. ಚಪ್ಪಲಿ ತಗೊಂಡು ಎರಡು ಬಾರಿಸಿ, ಹೊರಗೆ ಹಾಕಿ, ಬಾಗಿಲು ಹಾಕಿದೆ. ರಾತ್ರಿಯೆಲ್ಲ ಹೊರಗೆ ಕೂಗ್ತಿತ್ತು. ಸೊಕ್ಕು ಇಳೀಲಿ ಅಂತ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಮಲಗಿದೆ. ಇದನ್ನ ಬರೆಯೋಕೆ ನನಗೆ ನಾಚಿಕೆ ಆಗ್ತಿದೆ.

ಬೆಳಿಗ್ಗೆ ಅಜ್ಜಿ ಕಸ ಹೊಡೆಯೋಕೆ ಹೋದಾಗ ನೋಡಿದಳು. ಗುಂಡ್ಯಾ ತುಳಸಿಕಟ್ಟೆ ಹತ್ತಿರ ಕೂತು ತಿಣುಕ್ತಿತ್ತು. ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಕೂರ್ತಿತ್ತು. ಏನೂ ಬರ್ತಿರಲಿಲ್ಲ, ಬಂದ್ರೆ ಒಂದು ಹನಿ, ಅದೂ ಕೆಂಪಗೆ. ಹೊಟ್ಟೆಯ ಕೆಳಗೆ ಮುಟ್ಟಿದ್ರೆ ನಿಂಬೆಹಣ್ಣಿನಂಥ ಗಟ್ಟಿ ಗಂಟು.

"ತಮ್ಮಾ, ಇದು ಸೊಕ್ಕಲ್ಲೋ. ಇದಕ್ಕ ಉಚ್ಚಿ ಕಟ್ಟೇತಿ," ಅಂದಳು.

ಪಕ್ಕದ ಮನೆಯವರು ಪ್ಯಾರಾಸಿಟಮಾಲ್ ಕಾಲು ಗುಳಿಗೆ ಹಾಲಲ್ಲಿ ಹಾಕಿ ಕುಡಿಸು ಅಂದ್ರು. ಪುಣ್ಯಕ್ಕೆ ಮೊಬೈಲಲ್ಲಿ ಒಮ್ಮೆ ನೋಡಿದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಇಲ್ಲ, ಚೂರು ಕೊಟ್ಟರೂ ಸಾಯಬಹುದು. ಇದೊಂದು ಸಾಲನ್ನಾದ್ರೂ ನೆನಪಿಟ್ಟುಕೊಳ್ಳಿ.

ಅಪ್ಪನ ಬೈಕ್ ತಗೊಂಡು, ಕಾಯಿಪಲ್ಲೆ ತರೋ ಬುಟ್ಟಿಯಲ್ಲಿ ಗುಂಡ್ಯಾನ್ನ ಹಾಕಿ, ಮೇಲೆ ಟವೆಲ್ ಕಟ್ಟಿ, ತಮ್ಮನ್ನ ಹಿಂದೆ ಕೂರಿಸಿಕೊಂಡು ಹೊಸಪೇಟೆಗೆ ಹೊರಟೆ. ಅವತ್ತು ಶುಕ್ರವಾರ, ಹುಲಿಗೆಮ್ಮನ ಗುಡಿಗೆ ಹೋಗೋರ ಗಾಡಿಗಳು ದಾರಿ ತುಂಬ. ಬುಟ್ಟಿಯಿಂದ ಸದ್ದೇ ಬರ್ತಿರಲಿಲ್ಲ. ರಾತ್ರಿಯೆಲ್ಲ ಕೂಗಿದ್ದು ಈಗ ಯಾಕೆ ಸುಮ್ಮನಾಯ್ತು ಅಂತ ಎದೆ ಡವಡವ.

ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, "ಎಷ್ಟೊತ್ತಾತು ಉಚ್ಚಿ ನಿಂತು?" ಅಂದ್ರು. ನನಗೆ ಗೊತ್ತಿರಲಿಲ್ಲ. ಅವರು ವಿವರಿಸಿದ್ದು ಇಷ್ಟು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಸಣ್ಣ ಹರಳು, ಲೋಳೆ ಸೇರಿ ಬೂಚಿನ ಹಾಗೆ ಕೂತ್ಕೊಳ್ಳುತ್ತೆ. ನೀರು ಕಡಿಮೆ ಕುಡಿಯೋದು, ಒಣ ಆಹಾರ, ಹೆದರಿಕೆ, ಜಾಗ ಬದಲಾಗೋದು, ಎಲ್ಲ ಸೇರಿ ಹೀಗಾಗಬಹುದು. ಉರಿ ಶುರುವಾದ ಕೂಡಲೇ ಬೆಕ್ಕು ದಿನದ ಜಾಗ ಬಿಟ್ಟು ಎಲ್ಲೆಂದರಲ್ಲಿ ಹೊಯ್ಯುತ್ತೆ. ತಡಕೊಳ್ಳೋಕೆ ಆಗಲ್ಲ, ಮತ್ತೆ ಆ ಜಾಗವೇ ನೋವು ಕೊಡ್ತಿದೆ ಅಂದ್ಕೊಳ್ಳುತ್ತೆ. ಪೂರ್ತಿ ಕಟ್ಟಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತೆ. ಎರಡು ಮೂರು ದಿನಕ್ಕಿಂತ ಹೆಚ್ಚು ಉಳಿಯಲ್ಲ.

ನಾವು ಡ್ಯಾಮಿನ ಕಡೆಯವರು, ನನಗೆ ತಕ್ಷಣ ಅರ್ಥ ಆಯ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟಿನಲ್ಲಿ 19ನೇದು ಚೈನ್ ಕಡಿದು ಕೊಚ್ಚಿ ಹೋದಾಗ ಎಲ್ಲ ಟಿವಿಯವರೂ ನಮ್ಮ ಕಡೆ ಬಂದಿದ್ರು. ಗುಂಡ್ಯಾಗೆ ಆಗಿದ್ದು ಅದರ ಉಲ್ಟಾ. ನೀರು ಬರ್ತಾನೇ ಇದೆ, ಇರೋ ಒಂದು ಗೇಟೂ ಏಳ್ತಿಲ್ಲ. ಆದ್ರೆ ಅದು ಎರಡು ದಿನ ಮೊದಲೇ ನಮಗೆ ಸೈರನ್ ಹೊಡೆದಿತ್ತು. ಕೌದಿ ಮೇಲೆ, ರೆಕಾರ್ಡ್ ಮೇಲೆ. ನಾನು ಸೈರನ್‌ಗೆ ಚಪ್ಪಲಿಯಲ್ಲಿ ಹೊಡೆದೆ.

ಮಂಪರು ಕೊಟ್ಟು, ತೆಳ್ಳಗಿನ ನಳಿಗೆ ಹಾಕಿ ಬಿಡಿಸಿದ್ರು. ಸಲೈನ್ ಹಚ್ಚಿದ್ರು. ಮೂರನೇ ದಿನ ಗುಂಡ್ಯಾ ಮನೆಗೆ ಬಂತು. ನಾನು ಹಾಸ್ಟೆಲ್‌ನಿಂದ ಪ್ರೀತಿಗೆ ಅಂತ ತಂದಿದ್ದ ಒಣ ಆಹಾರದ ಪ್ಯಾಕೆಟ್ ಎತ್ತಿಟ್ಟೆ. ಈಗ ಅದರ ಊಟಕ್ಕೆ ನೀರು ಬೆರೆಸಿ ಕೊಡ್ತಾರೆ. ಹಿತ್ತಲಲ್ಲಿ ಹಳೆ ಸಿಮೆಂಟ್ ಬಾಂಡ್ಲಿ ತುಂಬ ಉಸುಕು ಇಟ್ಟಿದ್ದೀವಿ. ಅಜ್ಜಿ ಅದಕ್ಕೆ ಗುಂಡ್ಯಾನ ಬಚ್ಚಲು ಅಂತಾಳೆ.

ಕಥೆ ಇಲ್ಲಿಗೆ ಮುಗೀಬೇಕಿತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮೆಲ್ಲಗೆ, "ನಿಮ್ಮಜ್ಜಂದೂ ಹಿಂಗ ಐತಿ ನೋಡು. ರಾತ್ರಿ ಐದಾರು ಸಲ ಏಳ್ತಾನ. ಒಮ್ಮೊಮ್ಮೆ ಹಾಸಿಗ್ಯಾಗ ಆಗತೈತಿ," ಅಂದಳು. ಎಲ್ಲರೂ ಸುಮ್ಮನಾದೆವು. ಯಾಕಂದ್ರೆ ಎಲ್ಲರಿಗೂ ಗೊತ್ತಿತ್ತು. ಅಜ್ಜನ ಹಾಸಿಗೆಯನ್ನ ಪಡಸಾಲೆಯಿಂದ ಹೊರಗಿನ ಕಟ್ಟೆಗೆ ಹಾಕಿದ್ದು ಅದಕ್ಕೇ. ಬೈದಿದ್ದೂ ಇತ್ತು. ವಯಸ್ಸಾಯ್ತು, ಎಚ್ಚರ ಇಲ್ಲ ಅಂದ್ಕೊಂಡಿದ್ವಿ. ಬೆಕ್ಕನ್ನ ಹೊರಗೆ ಹಾಕಿದ ಬಾಗಿಲೂ ಅದೇ.

ಸೋಮವಾರ ಅಜ್ಜನ್ನ ಕರ್ಕೊಂಡು ಕೊಪ್ಪಳಕ್ಕೆ ಹೋದೆ. ಬೈಕ್ ಹತ್ತುವಾಗ ಅಜ್ಜ, "ಬೆಕ್ಕಿನ ದವಾಖಾನಿಗೆ ಅಲ್ಲಲ್ಲ?" ಅಂದ. ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿತ್ತು. ಚೀಲ ಪೂರ್ತಿ ಖಾಲಿ ಆಗದೆ, ತುಂಬಿದ್ದು ತಾನಾಗೇ ಸೋರ್ತಿತ್ತು. ಗುಳಿಗೆ ಕೊಟ್ಟಿದ್ದಾರೆ. ಈಗ ಅಜ್ಜ ರಾತ್ರಿ ಎರಡೇ ಸಲ ಏಳ್ತಾನೆ, ಪಡಸಾಲೆಯಲ್ಲೇ ಮಲಗ್ತಾನೆ.

ರೆಕಾರ್ಡ್ ಮತ್ತೆ ಬರೆದೆ, ಒಂದು ವಾರ ತಡವಾಗಿ ಕೊಟ್ಟೆ, ಮಾರ್ಕ್ಸ್ ಹೋಯ್ತು. ಸರ್ ಕಾರಣ ಕೇಳಿದಾಗ ಬೆಕ್ಕು ಉಚ್ಚೆ ಹೊಯ್ತು ಅಂದೆ. ಇಡೀ ಕ್ಲಾಸು ನಕ್ಕಿತು. ಅವತ್ತು ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ನಿಮ್ಮ ಮನೆ ಗಂಡು ಬೆಕ್ಕು ಎಲ್ಲೆಂದರಲ್ಲಿ ಕೂತು ತಿಣುಕ್ತಿದ್ರೆ ಬೆಳಗಾಗೋವರೆಗೆ ಕಾಯಬೇಡಿ. ಪಶು ವೈದ್ಯರು ಗೊತ್ತಿಲ್ಲದಿದ್ರೆ 1962ಕ್ಕೆ ಫೋನ್ ಮಾಡಿ ಕೇಳಿ. ಮನೆಯಲ್ಲಿ ಅಜ್ಜ ಇದ್ರೆ, ರಾತ್ರಿ ಎಷ್ಟು ಸಲ ಏಳ್ತಾರೆ ಅಂತಲೂ ಒಮ್ಮೆ ಕೇಳಿ.